ಹೆಚ್ಚು ಪ್ರಶ್ನೆ ಕೇಳುವವರಿಗೇ ನಾಯಿ ಕೊಡಿ

ಮೇ ತಿಂಗಳೆಂದರೆ ವರ್ಗಾವಣೆಯ ಕಾಲ, ಬಾಡಿಗೆ ಮನೆ ಬದಲಿಸುವ ಕಾಲ. ‘ನಮ್ಮ ಲ್ಯಾಬ್ರಡಾರ್‌ಗೆ ಒಳ್ಳೆಯ ಮನೆ ಬೇಕು, ಉಚಿತ’ ಎಂಬ ವಾಟ್ಸ್‌ಆ್ಯಪ್ ಸ್ಟೇಟಸ್‌ಗಳು ಕಾಣಿಸಿಕೊಳ್ಳುವುದೂ ಆಗಲೇ. ಹಾಗೆ ಹಾಕಿದವರನ್ನು ಕಲ್ಲೆದೆಯವರೆಂದು ಜರೆಯುವುದು ನಾಯಿಪ್ರಿಯರಲ್ಲಿ ರೂಢಿಯಾಗಿಬಿಟ್ಟಿದೆ. ಅದರಿಂದ ಯಾವ ನಾಯಿಗೂ ಒಳಿತಾಗದು. ಬೈಗುಳಕ್ಕೆ ಅಂಜಿದವರು ಯಾರನ್ನೂ ಕೇಳದೆ, ಮೊದಲು ಕೈಚಾಚಿದವರಿಗೆ ನಾಯಿಯನ್ನು ದಾಟಿಸಿಬಿಡುತ್ತಾರೆ. ಸಾಕಲಾಗದ ಸ್ಥಿತಿಯಲ್ಲಿ ಕೊಡುವುದು ತಪ್ಪಲ್ಲ, ಯಾರ ನೆರವಿನಿಂದ ಕೊಡುತ್ತೇವೆ ಎಂಬುದು ಮುಖ್ಯ. ಸರಿಯಾದ ನೆರವನ್ನು ಗುರುತಿಸುವ ಲಕ್ಷಣ ಒಂದೇ: ‘ತಂದುಬಿಡಿ’ ಎನ್ನುವುದಕ್ಕೆ ಮೊದಲು ಅವರು ‘ಏಕೆ ಕೊಡುತ್ತಿದ್ದೀರಿ’ ಎಂದು ಕೇಳುತ್ತಾರೆ.

ಈ ಪ್ರಶ್ನೆಯನ್ನು ಎಂದೂ ಕೇಳದ ಒಂದು ಪಂಥ ನಮ್ಮಲ್ಲಿದೆ. ‘ತೋಟದ ಮನೆಗೆ ಕೊಡಿ, ಜಾಗ ಬೇಕಾದಷ್ಟಿದೆ, ಆರಾಮವಾಗಿ ಓಡಾಡಿಕೊಂಡಿರುತ್ತದೆ’ ಎಂಬುದು ಆ ಪಂಥದ ಮಂತ್ರ. ಸೋಫಾದ ಪಕ್ಕದಲ್ಲಿ ಮಲಗಿ ಬೆಳೆದ ನಾಯಿಗೆ ಬೇಕಾದದ್ದು ಎಕರೆಗಳಲ್ಲ, ಮನುಷ್ಯರು. ತೋಟದಲ್ಲಿ ಅದಕ್ಕೆ ಸಿಗುವುದು ಬಹುಮಟ್ಟಿಗೆ ಹಗಲು ಸರಪಳಿ, ರಾತ್ರಿ ಕಾವಲು. ಮಲೆನಾಡಿನ ಅಂಚಿನಲ್ಲಾದರೆ ಚಿರತೆಯೂ ಇದೆ. ನೆರೆಯ ಮಹಾರಾಷ್ಟ್ರದ ಅಕೋಲೆಯಲ್ಲಿ ವಿದ್ಯಾ ಆತ್ರೇಯ ಮತ್ತು ಸಂಗಡಿಗರು ಚಿರತೆಯ ಆಹಾರವನ್ನು ಅಧ್ಯಯನ ಮಾಡಿದಾಗ, ಅದು ತಿಂದ ಬೇಟೆಯ ತೂಕದಲ್ಲಿ ಶೇಕಡಾ 39 ಸಾಕುನಾಯಿ, ಊರುನಾಯಿಗಳದೇ ಆಗಿತ್ತು. ಎಲ್ಲ ತೋಟದವರೂ ಹೀಗಲ್ಲ, ನಾಯಿಯನ್ನು ಒಳಗೆ ಮಲಗಿಸಿಕೊಂಡು ಜೋಪಾನ ಮಾಡುವವರಿದ್ದಾರೆ ಎಂದು ಯಾರಾದರೂ ಹೇಳಬಹುದು. ನಿಜ. ಹಾಗಿದ್ದರೆ ಆ ನಾಯಿ ಸುಖವಾಗಿರುವುದು ಆ ಮನೆಯವರಿಂದಲೇ ಹೊರತು ತೋಟದಿಂದಲ್ಲ. ವಿಚಾರಿಸಬೇಕಾದದ್ದೂ ಮನೆಯವರನ್ನೇ.

ಆಶ್ರಯಧಾಮಕ್ಕೆ ಒಪ್ಪಿಸಿದರೆ ಮುಗಿಯಿತಲ್ಲ ಎಂಬುದು ಇನ್ನೊಂದು ಮಾತು. ಕ್ರಿಸ್ಟಲ್ ರೋಜರ್ಸ್ 1991ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ‘ಕ್ಯೂಪಾ’ದಂಥ ಸಂಸ್ಥೆಗಳ ಮೇಲಿನ ಗೌರವದಿಂದಲೇ ಹೇಳುತ್ತೇನೆ, ಅಲ್ಲಿಯ ಜಾಗ ಗಾಯಗೊಂಡ, ದಿಕ್ಕಿಲ್ಲದ ಪ್ರಾಣಿಗಳಿಗೆ ಮೊದಲು ಸಲ್ಲಬೇಕು. ಆಶ್ರಯಧಾಮ ಎಷ್ಟೇ ಚೆನ್ನಾಗಿದ್ದರೂ ಮನೆನಾಯಿಗೆ ಅದು ಆಘಾತವೇ. ಮೈಕೆಲ್ ಹೆನೆಸಿ ತಂಡ 1997ರಲ್ಲಿ ಪ್ರಕಟಿಸಿದ ಅಮೆರಿಕದ ಅಧ್ಯಯನದಲ್ಲಿ, ಹೊಸದಾಗಿ ಬಂದ ನಾಯಿಗಳ ರಕ್ತದಲ್ಲಿ ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಮೊದಲ ಮೂರು ದಿನ ಮನೆನಾಯಿಗಳಿಗಿಂತ ಬಹಳ ಹೆಚ್ಚಿತ್ತು. ಆದ್ದರಿಂದ ಹೊಸ ಮನೆ ಸಿಗುವ ತನಕ ನಾಯಿ ಹಳೆಯ ಮನೆಯಲ್ಲೇ ಇರಲಿ. ಸಂಸ್ಥೆಯಿಂದ ಕೇಳಬೇಕಾದದ್ದು ಗೂಡಲ್ಲ, ದತ್ತು ಪಡೆಯುವವರ ಪರಿಚಯ ಮತ್ತು ಅವರ ಮನೆ ನೋಡಿ ಬರುವ ಅನುಭವಿ ಕಾರ್ಯಕರ್ತರು.

ಆದರೆ ಮೊದಲು ಹೋಗಬೇಕಾದದ್ದು ನಾಯಿಯ ಪಶುವೈದ್ಯರ ಬಳಿಗೆ. ಇದ್ದಕ್ಕಿದ್ದಂತೆ ಕಚ್ಚತೊಡಗಿದ ನಾಯಿಗೆ ಕಿವಿನೋವೋ ಕೀಲುನೋವೋ ಇರಬಹುದು. ಸ್ವಭಾವದ ತೊಂದರೆಯಾದರೆ, ಹೊಡೆಯದೆ ಕಲಿಸುವ ಟ್ರೇನರ್ ಬೇಕು: ತರಬೇತಿ ತರಗತಿಗೆ ಹೋದ ನಾಯಿಗಳನ್ನು ಜನ ಬಿಟ್ಟುಕೊಡುವುದು ಕಡಿಮೆ ಎಂದು ಗ್ಯಾರಿ ಪ್ಯಾಟ್ರೊನೆಕ್ ತಂಡ 1996ರಲ್ಲೇ ತೋರಿಸಿದೆ. ಅಪಾರ್ಟ್‌ಮೆಂಟ್ ಸಂಘ ಬೇಡವೆಂದದ್ದಕ್ಕೆ ಕೊಡುತ್ತಿದ್ದರೆ, ಬಹುಮತದ ನಿರ್ಣಯದಿಂದಲೂ ಸಾಕುನಾಯಿಯನ್ನು ನಿಷೇಧಿಸುವಂತಿಲ್ಲ ಎಂಬ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿಯನ್ನು ಬಲ್ಲವರು ಬೇಕು. ಕಾರಣ ಕೇಳಿದ ಮೇಲೆ ಕೊಡುವ ಅಗತ್ಯವೇ ಇಲ್ಲವಾದರೆ ಅದಕ್ಕಿಂತ ದೊಡ್ಡ ನೆರವಿಲ್ಲ. ಕೊಡಲೇಬೇಕಾದರೆ ಸಂತಾನಹರಣ ಚಿಕಿತ್ಸೆ ಮಾಡಿಸಿಯೇ ಕೊಡಿ. ಉಚಿತವಾಗಿ ಸಿಗುವ ಜಾತಿನಾಯಿಗೆ, ಅದೂ ಹೆಣ್ಣಿಗೆ, ಮೊದಲು ಫೋನ್ ಮಾಡುವವರಲ್ಲಿ ನೋಂದಣಿಯಿಲ್ಲದ ಬ್ರೀಡರುಗಳೂ ಇರುತ್ತಾರೆ. ಚಿಕಿತ್ಸೆಯಾಗಿದೆ ಎಂದ ಕೂಡಲೇ ಅವರ ಆಸಕ್ತಿ ಇಳಿಯುತ್ತದೆ.

ನಾಯಿಯ ಕುಂದುಗಳನ್ನು ಹೇಳಿಬಿಟ್ಟರೆ ಯಾರೂ ಒಯ್ಯುವುದಿಲ್ಲ ಎಂಬ ಆಕ್ಷೇಪಕ್ಕೆ ಮಹಾಭಾರತದ ಆದಿಪರ್ವ ಉತ್ತರ ಕೊಡುತ್ತದೆ. ಧರ್ಮರಾಯನ ಹಿಂದೆ ಸ್ವರ್ಗದ ಬಾಗಿಲ ತನಕ ಹೋದ ನಾಯಿಯನ್ನು ಎಲ್ಲರೂ ಬಲ್ಲರು. ಆರಂಭದ ನಾಯಿಯನ್ನು ನೆನೆಯುವವರು ಕಡಿಮೆ. ಅರಸ ಜನಮೇಜಯನ ಯಾಗಶಾಲೆಗೆ ಬಂದ ನಾಯಿಮರಿಯನ್ನು ಅವನ ತಮ್ಮಂದಿರು ಹೊಡೆದಟ್ಟುತ್ತಾರೆ. ಅಳುತ್ತ ಬಂದ ಮಗನನ್ನು ತಾಯಿ ಸರಮೆ ಮೊದಲು ವಿಚಾರಿಸುತ್ತಾಳೆ: ನೀನೇನೋ ತಪ್ಪು ಮಾಡಿರಬೇಕಲ್ಲ? ಹವಿಸ್ಸನ್ನು ನೆಕ್ಕುವುದಿರಲಿ, ನೋಡಲೂ ಇಲ್ಲ ಎಂದು ತಿಳಿದ ಮೇಲೆಯೇ ಹೋಗಿ ಪ್ರಶ್ನಿಸುತ್ತಾಳೆ. ಅಲ್ಲಿ ಯಾರೂ ಉತ್ತರಿಸುವುದಿಲ್ಲ; ಕಾಣದ ಭಯ ಎರಗಲಿ ಎಂದು ಶಪಿಸುತ್ತಾಳೆ. ದೋಷ ಪರಿಹಾರಕ್ಕೆ ತಕ್ಕ ಪುರೋಹಿತನನ್ನು ಹುಡುಕುತ್ತ ಅರಸ ಶ್ರುತಶ್ರವ ಮುನಿಯ ಆಶ್ರಮಕ್ಕೆ ಬಂದು, ಅವನ ಮಗ ಸೋಮಶ್ರವನನ್ನು ಕೇಳುತ್ತಾನೆ. ತಂದೆ ಮಗನ ತಪಸ್ಸನ್ನು ಹೇಳಿ, ಕಷ್ಟವನ್ನೂ ಹೇಳುತ್ತಾನೆ: ಬ್ರಾಹ್ಮಣರು ಏನು ಬೇಡಿದರೂ ಕೊಟ್ಟುಬಿಡುವ ವ್ರತ ಇವನದು, ತಾಳಿಕೊಳ್ಳುವ ಧೈರ್ಯವಿದ್ದರೆ ಕರೆದೊಯ್ಯಿ. ಅರಸ ಒಪ್ಪುತ್ತಾನೆ, ತಮ್ಮಂದಿರಿಗೂ ಅದನ್ನು ವಿಧಿಸುತ್ತಾನೆ. ನಾಯಿ ಕೊಡುವವರಿಗೆ ಇದಕ್ಕಿಂತ ಮೇಲಾದ ಪಾಠ ನಾನರಿಯೆ. ಪಟಾಕಿಗೆ ಬೆದರುತ್ತದೆ, ಬೆಕ್ಕಿನೊಡನೆ ಆಗದು, ಒಮ್ಮೆ ಕಚ್ಚಿದೆ ಎಂದು ಮೊದಲೇ ಕೇಳಿ ಒಪ್ಪಿದವರು ನಾಯಿಯನ್ನು ಇಟ್ಟುಕೊಳ್ಳುತ್ತಾರೆ. ಮುಚ್ಚಿಟ್ಟು ಕೊಟ್ಟದ್ದು ಹಿಂದಕ್ಕೆ ಬರುತ್ತದೆ, ಇಲ್ಲವೇ ಬೀದಿಗೆ ಬೀಳುತ್ತದೆ.

ಇಷ್ಟೆಲ್ಲ ವಿಚಾರಿಸಲು ಸಮಯವೆಲ್ಲಿ ಎನ್ನುವವರು ಒಂದು ಸಂಗತಿ ತಿಳಿದಿರಲಿ. ಉಪವಾಸ ಬೀಳುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ. ಮೊದಲ ಸಲದ ದಂಡ 10ರಿಂದ 50 ರೂಪಾಯಿ. ಇಷ್ಟು ಬಡಕಲು ಕಾನೂನು ನಿಮ್ಮ ನಾಯಿಯನ್ನು ಕಾಯಲಾರದು. ಕಾಯಬಲ್ಲದ್ದು ಕೊಡುವ ಮುನ್ನ ಆಗುವ ಮಾತುಕತೆ, ಕೈಗಿಡುವ ಲಸಿಕೆ ಕಾರ್ಡು, ‘ಹೊಂದಿಕೆಯಾಗದಿದ್ದರೆ ನಮಗೇ ಹಿಂದಿರುಗಿಸಿ’ ಎಂಬ ಬರೆದಿಟ್ಟ ಒಪ್ಪಂದ. ವರ್ಗಾವಣೆಯ ಆದೇಶ ಕೈಸೇರಿದ ದಿನವೇ ಹುಡುಕಾಟ ಶುರುವಾಗಲಿ. ಲಾರಿಗೆ ಸಾಮಾನು ಏರಿಸುವ ದಿನ ಸಿಗುವವರು ಪ್ರಶ್ನೆ ಕೇಳುವುದಿಲ್ಲ.