ಪುಷ್ಪಾವರಣದ ಜಗಳ ಬಿಡಿ

ಪ್ರೋಗ್ರಾಮರುಗಳ ನಡುವೆ ಜಗಳ ಹಚ್ಚಬೇಕೆ? ಪುಷ್ಪಾವರಣವನ್ನು ಎಲ್ಲಿ ತೆರೆಯಬೇಕು ಎಂದು ಕೇಳಿ. 1978ರಲ್ಲಿ ಕರ್ನಿಗನ್ ಮತ್ತು ರಿಚಿ ಬರೆದ ಸಿ ಭಾಷೆಯ ಪುಸ್ತಕದ ಹಾದಿ ಹಿಡಿದವರು ‘ಇಫ್’ ಇರುವ ಸಾಲಿನ ಕೊನೆಯಲ್ಲೇ ತೆರೆಯುತ್ತಾರೆ. ಎರಿಕ್ ಆಲ್‌ಮನ್ ಶೈಲಿಯವರು ಅದಕ್ಕೆಂದೇ ಕೆಳಗೊಂದು ಸಾಲು ಬಿಡುತ್ತಾರೆ. ಮೊದಲನೆಯದರಲ್ಲಿ ಪರದೆಗೆ ಹೆಚ್ಚು ಕೋಡ್ ಹಿಡಿಸುತ್ತದೆ. ಎರಡನೆಯದರಲ್ಲಿ ತೆರೆದದ್ದು, ಮುಚ್ಚಿದ್ದು ಒಂದೇ ನೇರಕ್ಕೆ ಸಿಗುತ್ತವೆ. ನನ್ನ ವೋಟು ಮೊದಲನೆಯದಕ್ಕೆ. ಎರಡನೆಯದನ್ನೂ ಸಲೀಸಾಗಿ ಓದುತ್ತೇನೆ. ಒಂದೇ ಫೈಲಿನಲ್ಲಿ ಎರಡೂ ಬೆರೆತರೆ ಮಾತ್ರ ತಲೆ ಚಿಟ್ಟು ಹಿಡಿಯುತ್ತದೆ.

ಇಂಡೆಂಟ್ ಇನ್ನೂ ಮುಖ್ಯ. ಪೈಥಾನ್‌ನ ‘ಪೆಪ್ 8’ ಹೇಳುವುದು 4 ಸ್ಪೇಸ್, ಸಾಲಿಗೆ ಹೆಚ್ಚೆಂದರೆ 79 ಅಕ್ಷರ. ಲಿನಕ್ಸ್ ಕರ್ನಲ್‌ನಲ್ಲಿ ಒಂದು ಟ್ಯಾಬ್‌ಗೆ 8 ಅಕ್ಷರದಷ್ಟು ಜಾಗ. ಅಷ್ಟು ಬಿಟ್ಟಾಗ, ಷರತ್ತಿನೊಳಗೆ ಷರತ್ತು ತುರುಕಿದವರ ಕೋಡ್ ಬೇಗನೆ ಬಲ ಅಂಚಿಗೆ ಹೋಗಿ ಮುಟ್ಟುತ್ತದೆ. ಅದು ಬೇಕೆಂದೇ ಇಟ್ಟ ಕಾವಲು: ಮೂರು ಹಂತ ದಾಟಿತೆಂದರೆ ತಿದ್ದಿ ಬರೆಯಿರಿ ಎನ್ನುತ್ತಾರೆ ಲಿನಸ್ ಟೋರ್ವಾಲ್ಡ್ಸ್.

ಇದೆಲ್ಲ ಬರೀ ಅಂದಚಂದದ ಮಾತಲ್ಲ. 2014ರ ಫೆಬ್ರವರಿಯಲ್ಲಿ ಆಪಲ್ ಸರಿಪಡಿಸಿದ ಒಂದು ದೋಷ ನೋಡಿ. ಪುಷ್ಪಾವರಣವಿಲ್ಲದ ‘ಇಫ್’ ಕೆಳಗೆ ‘ಗೋಟು ಫೇಲ್’ ಎಂಬ ಸಾಲು ಎರಡು ಸಲ ಬಿದ್ದಿತ್ತು. ಎರಡಕ್ಕೂ ಒಂದೇ ಇಂಡೆಂಟ್ ಇದ್ದುದರಿಂದ ಎರಡೂ ಆ ‘ಇಫ್’ಗೇ ಸೇರಿದವೆಂದು ಕಣ್ಣು ನಂಬಿತು. ಕಂಪೈಲರ್ ನಂಬಲಿಲ್ಲ. ಎರಡನೆಯ ಸಾಲು ಷರತ್ತಿನ ಹೊರಗೆ ಉಳಿದು, ಮುಂದಿನ ತಪಾಸಣೆಯನ್ನು ಹಾರಿಸಿಬಿಟ್ಟಿತು. ಸುರಕ್ಷಿತ ಸಂಪರ್ಕದಲ್ಲಿ ಸರ್ವರ್ ಕಳಿಸಿದ ಸಹಿಯನ್ನು ಪರೀಕ್ಷಿಸದೆಯೇ ಐಫೋನ್‌ಗಳು ಒಪ್ಪಿಕೊಂಡವು. ಫಾರ್ಮ್ಯಾಟರ್ ಓಡಿಸಿದ್ದರೆ ಆ ಸಾಲು ಎಡಕ್ಕೆ ಸರಿದು, ಯಾರ ಕಣ್ಣಿಗಾದರೂ ಬೀಳುವ ಹಾಗೆ ನಿಲ್ಲುತ್ತಿತ್ತು.

ಗೋ ಭಾಷೆಯವರು ಜಾಣರು. ಫಾರ್ಮ್ಯಾಟರನ್ನು ಭಾಷೆಯ ಜೊತೆಗೇ ಕೊಟ್ಟು ವಾದದ ಬಾಗಿಲು ಮುಚ್ಚಿದರು. ಜಾವಾಸ್ಕ್ರಿಪ್ಟ್‌ಗೆ ಪ್ರೆಟಿಯರ್, ಪೈಥಾನ್‌ಗೆ ಬ್ಲ್ಯಾಕ್ ಅದೇ ಕೆಲಸ ಮಾಡುತ್ತವೆ. ಬ್ಲ್ಯಾಕ್‌ನ ಸಾಲಿಗೆ 88 ಅಕ್ಷರ ನನಗೆ ತುಸು ಉದ್ದವೆನಿಸುತ್ತದೆ. ಆದರೂ ಬದಲಿಸಲು ಹೋಗುವುದಿಲ್ಲ.

ಹೊಸ ಪ್ರಾಜೆಕ್ಟ್ ಆದರೆ ಮೊದಲ ದಿನವೇ ಫಾರ್ಮ್ಯಾಟರ್ ಕೂರಿಸಿ. ಹಳೆಯದಾದರೆ ಅಲ್ಲಿರುವ ಶೈಲಿಗೇ ಹೊಂದಿಕೊಳ್ಳಿ. ಇಡೀ ಕೋಡಿನ ಶೈಲಿ ಬದಲಿಸಲೇಬೇಕಾದರೆ ಅದಕ್ಕೆಂದೇ ಬೇರೆ ಕಮಿಟ್ ಮಾಡಿ, ಬಗ್ ತಿದ್ದುವುದರ ಜೊತೆ ಕಲಸಬೇಡಿ. ಒಂದೇ ಸಾಲಿನ ‘ಇಫ್’ಗೂ ಪುಷ್ಪಾವರಣ ಹಾಕಿ. ಇಷ್ಟಾದ ಮೇಲೂ ವಾದ ಮಾಡುವ ಹುಮ್ಮಸ್ಸು ಉಳಿದಿದ್ದರೆ ವೇರಿಯಬಲ್‌ಗಳ ಹೆಸರಿನ ಬಗ್ಗೆ ಮಾಡಿ. ಆ ಕೆಲಸವನ್ನು ಯಾವ ಫಾರ್ಮ್ಯಾಟರೂ ಮಾಡಿಕೊಡುವುದಿಲ್ಲ.