ಮಾನುಷೀ ಸಿದ್ಧಿ: ಜೋ ಕ್ಯೂಬಾನ ಒಂದು ಧ್ವನಿಮುದ್ರಿಕೆಯ ವಿಮರ್ಶೆ

ಭರತಮುನಿಯು ನಾಟ್ಯಪ್ರಯೋಗದ ಸಿದ್ಧಿಯನ್ನು ಮಾನುಷೀ, ದೈವೀ ಎಂದು ಎರಡು ಬಗೆಯಾಗಿ ವಿಭಾಗಿಸಿರುವನು. ಪ್ರೇಕ್ಷಕರು ನಗುವುದು, ‘ಸಾಧು’ ಎಂದು ಕೂಗುವುದು, ರೋಮಾಂಚಗೊಳ್ಳುವುದು, ಆಸನಗಳಿಂದ ಏಳುವುದು, ವಸ್ತ್ರ ಉಂಗುರಗಳನ್ನು ಕೊಡುವುದು, ಇವೆಲ್ಲ ಮಾನುಷೀ ಸಿದ್ಧಿಯ ಲಕ್ಷಣಗಳು. ರಂಗವು ತುಂಬಿದ್ದರೂ ಶಬ್ದವಿಲ್ಲದೆ, ಕ್ಷೋಭವಿಲ್ಲದೆ ಇರುವುದು ದೈವೀ ಸಿದ್ಧಿಯ ಲಕ್ಷಣ. ಈ ಪ್ರಕರಣವನ್ನು ಅನೇಕ ವರ್ಷ ಪಾಠ ಹೇಳಿದ ನಾನು ಎರಡನೆಯದೇ ಉತ್ತಮವೆಂದೂ ಮೊದಲನೆಯದು ಪಾಮರರ ಮೆಚ್ಚಿಗೆಗೆ ಶಾಸ್ತ್ರಕಾರನು ತೋರಿದ ದಾಕ್ಷಿಣ್ಯವೆಂದೂ ಭಾವಿಸಿದ್ದೆನು. ಈ ಭಾವನೆಯನ್ನು ಪುನಃ ಪರಿಶೀಲಿಸುವಂತೆ ಮಾಡಿದುದು ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ 1966ರಲ್ಲಿ ಟೀಕೋ ಸಂಸ್ಥೆಯವರು ಪ್ರಕಟಿಸಿದ ‘ವಾಂಟೆಡ್ ಡೆಡ್ ಆರ್ ಅಲೈವ್’ ಎಂಬ ಧ್ವನಿಮುದ್ರಿಕೆ. ಅದರ ಗುಣದೋಷವಿವೇಚನೆಯೇ ಪ್ರಕೃತ ಲೇಖನದ ಉದ್ದೇಶ.

ಇದರ ಮೇಳನಾಯಕನು ಜೋ ಕ್ಯೂಬಾ. ಹೆಸರು ಹೀಗಿದ್ದರೂ ಈತನು ಕ್ಯೂಬಾ ದೇಶದವನಲ್ಲ. ಪೋರ್ಟೊರಿಕೊ ದ್ವೀಪದಿಂದ ವಲಸೆ ಬಂದ ತಂದೆತಾಯಿಗಳಿಗೆ 1931ರಲ್ಲಿ ನ್ಯೂಯಾರ್ಕಿನ ಸ್ಪ್ಯಾನಿಷ್ ಹಾರ್ಲೆಮ್ ಕೇರಿಯಲ್ಲಿ ಜನಿಸಿದ ಈತನ ನಿಜವಾದ ಹೆಸರು ಗಿಲ್ಬರ್ಟೊ ಮಿಗೆಲ್ ಕಾಲ್ಡೆರೋನ್. ಹುಡುಗನಾಗಿದ್ದಾಗ ಆಟದಲ್ಲಿ ಕಾಲು ಮುರಿದುಕೊಂಡು, ಆ ಬಿಡುವಿನಲ್ಲಿ ಕೊಂಗಾ ಎಂಬ ಚರ್ಮವಾದ್ಯವನ್ನು ಅಭ್ಯಾಸಮಾಡಿ, 1950ರ ದಶಕದಲ್ಲಿ ಆರು ಮಂದಿಯ ಮೇಳವನ್ನು ಕಟ್ಟಿದನು. ಆ ಕಾಲದ ಪ್ರಸಿದ್ಧ ಮಾಂಬೊ ಮೇಳಗಳಲ್ಲಿ ಹಿತ್ತಾಳೆಯ ಕಹಳೆಗಳದೇ ಆರ್ಭಟ. ಈತನ ಮೇಳದಲ್ಲಿ ಕಹಳೆಯೇ ಇಲ್ಲ. ಅದರ ಸ್ಥಾನದಲ್ಲಿ ಲೋಹದ ಪಟ್ಟಿಗಳನ್ನು ಬಡಿದು ನುಡಿಸುವ ವೈಬ್ರಫೋನ್ ಇದೆ. ಈ ಒಂದು ವಿಶೇಷವನ್ನು ವಾಚಕರು ನೆನಪಿನಲ್ಲಿಡಬೇಕು. ಈತನು 2009ರಲ್ಲಿ ನಿಧನ ಹೊಂದಿದನು.

ಈ ಮುದ್ರಿಕೆಯ ಪ್ರಧಾನ ಕೃತಿ ‘ಬ್ಯಾಂಗ್ ಬ್ಯಾಂಗ್’. ಟಿಂಬಾಲೆಸ್ ವಾದಕನೂ ಗಾಯಕನೂ ಆದ ಜಿಮ್ಮಿ ಸಬಾತೇರನು ಅದರ ಹುಟ್ಟಿನ ವೃತ್ತಾಂತವನ್ನು ಹೇಳಿರುವನು. ಪಾಮ್ ಗಾರ್ಡನ್ಸ್ ಎಂಬ ನೃತ್ಯಶಾಲೆಯಲ್ಲಿ ಆಫ್ರಿಕನ್ ಮೂಲದ ಅಮೆರಿಕನ್ನರು ನೆರೆದಿದ್ದರು. ಮೇಳದ ಎಂದಿನ ಕೃತಿಗಳಿಗೆ ಅವರು ಕುಣಿಯಲಿಲ್ಲ. ಸಬಾತೇರನು ಹೊಸದೊಂದು ಗತಿಯನ್ನು ಪ್ರಯತ್ನಿಸೋಣವೆಂದನು. ನಾಯಕನು ಮೊದಲು ಹಿಂಜರಿದು ಆಮೇಲೆ ಒಪ್ಪಿದನು. ಪಿಯಾನೋದ ಕೆಲವು ಆವರ್ತಗಳು ನಡೆಯುವಷ್ಟರಲ್ಲಿ ಸಭೆಯು ಎದ್ದು ಕುಣಿದು, ತಾನಾಗಿಯೇ ಒಂದು ಕೂಗನ್ನು ಆರಂಭಿಸಿತು. ಆ ಕೂಗೇ ಕೃತಿಯ ಪಲ್ಲವಿಯಾಯಿತು. ಅದೇ ವರ್ಷ ಅದು ಬಿಲ್‌ಬೋರ್ಡ್ ಪತ್ರಿಕೆಯ ನೂರು ಹಾಡುಗಳ ಪಟ್ಟಿಯಲ್ಲಿ 63ನೆಯ ಸ್ಥಾನವನ್ನು ಪಡೆಯಿತು.

‘ಬೂಗಲೂ’ ಎಂಬ ಈ ಪದ್ಧತಿಯ ತಾಳಲಕ್ಷಣವನ್ನು ಸಂಕ್ಷೇಪವಾಗಿ ಹೇಳುವುದಾದರೆ: ಕ್ಯೂಬಾ ದೇಶದ ಸಂಗೀತಕ್ಕೆ ಆಧಾರವಾದ ‘ಕ್ಲಾವೆ’ ಐದು ಘಾತಗಳ ಕ್ರಮ, ಅವು ಎರಡು ಖಂಡಗಳಲ್ಲಿ ಮೂರು ಮತ್ತು ಎರಡಾಗಿ, ಅಥವಾ ಎರಡು ಮತ್ತು ಮೂರಾಗಿ ಹಂಚಿರುವುವು. ಕರಿಯ ಅಮೆರಿಕನ್ನರ ಗೀತಗಳಲ್ಲಿಯಾದರೋ ನಾಲ್ಕು ಎಣಿಕೆಗಳ ಪೈಕಿ ಎರಡನೆಯದಕ್ಕೂ ನಾಲ್ಕನೆಯದಕ್ಕೂ ಚಪ್ಪಾಳೆ ಬೀಳುವುದು. ಚಾ-ಚಾ ನೃತ್ಯದ ನಿಧಾನಗತಿಯ ಮೇಲೆ ಈ ಚಪ್ಪಾಳೆಯನ್ನು ಹೊದಿಸಿದರೆ ಬೂಗಲೂ.

ಇದಕ್ಕೆ ಮೂರು ಆಕ್ಷೇಪಗಳು ಸಂಭವಿಸುತ್ತವೆ. ಒಂದು, ಕೂಗಾಟವೇ ಪ್ರಧಾನವಾದುದರಿಂದ ಇದು ಗ್ರಾಮ್ಯ. ಎರಡು, ಇಂಗ್ಲಿಷ್ ಸ್ಪ್ಯಾನಿಷ್ ಭಾಷೆಗಳ ಮಿಶ್ರಣದಿಂದ ಇದು ಅಶುದ್ಧ. ಮೂರು, ಮುದ್ರಿಕೆಯಲ್ಲಿ ಕೇಳುವ ಜನಸಮೂಹದ ಕೋಲಾಹಲವು ನೃತ್ಯಶಾಲೆಯದಲ್ಲ, ಮುದ್ರಣಶಾಲೆಯದು, ಆದುದರಿಂದ ಕೃತಕ.

ಮೂರನೆಯದೇ ಪ್ರಬಲವಾದುದು, ಅದನ್ನೇ ಮೊದಲು ವಿಚಾರಿಸೋಣ. ಪಾಮ್ ಗಾರ್ಡನ್ಸಿನಲ್ಲಿ ಆ ಕೂಗು ಪ್ರಯೋಗದ ಫಲವಾಗಿತ್ತು. ಮುದ್ರಿಕೆಯಲ್ಲಿ ಅದು ಪ್ರಯೋಗದ ಅಂಗವಾಗಿದೆ. ಸಿದ್ಧಿಯೇ ಅಭಿನಯಕ್ಕೆ ವಿಷಯವಾಗಿದೆ ಎನ್ನಬಹುದು. ಅಭಿನಯವೆಂದ ಮಾತ್ರಕ್ಕೆ ಅಸತ್ಯವಲ್ಲ. ನಾಟ್ಯವು ಭಾವಗಳ ಅನುಕೀರ್ತನವೆಂದು ಭರತನೇ ಹೇಳಿರುವನು. ಆ ಅನುಕೀರ್ತನವು ಕೇಳುವವನಲ್ಲಿ ಭಾವವನ್ನು ಎಬ್ಬಿಸುತ್ತದೆಯೇ ಎಂಬುದೊಂದೇ ಪರೀಕ್ಷೆ. ದೋಷಗಳನ್ನು ಗುರುತುಹಾಕಿಕೊಳ್ಳಲೆಂದು ಲೇಖನಿಯನ್ನು ಹಿಡಿದು ನಾನು ಏಕಾಂತದಲ್ಲಿ ಇದನ್ನು ಕೇಳಿದೆನು. ಮುಗಿಯುವ ವೇಳೆಗೆ ಕಾಗದದ ಮೇಲೆ ಒಂದಕ್ಷರವೂ ಇರಲಿಲ್ಲ; ಲೇಖನಿಯು ಮೇಜಿನ ಮೇಲೆ ತಾಳ ಹಾಕುತ್ತಿದ್ದಿತು.

ಹೀಗಾಗಲು ಕಾರಣವೇನು? ಕಹಳೆಗಳಿಲ್ಲದುದೇ ಕಾರಣವೆಂದು ನನ್ನ ಅಭಿಪ್ರಾಯ. ಕಹಳೆಗಳು ನಾದದ ಅವಕಾಶವನ್ನೆಲ್ಲ ತುಂಬಿಬಿಡುತ್ತವೆ. ಕೇಳುವವನಿಗೆ ಉಳಿಯುವುದು ಕೇಳುವ ಕೆಲಸವೊಂದೇ. ವೈಬ್ರಫೋನಿನ ನಾದವಾದರೋ ತಣ್ಣಗೆ ಮೊಳಗಿ ಕರಗಿಹೋಗುವುದು. ಆ ಕರಗಿದ ಎಡೆಯಲ್ಲಿ ಜನರ ಕಂಠವು ಪ್ರವೇಶಿಸುವುದು. ನಾಯಕನು ಬಾಗಿಲನ್ನು ತೆರೆದಿಟ್ಟಿರುವನು. ಇದು ಕೌಶಲವಿಲ್ಲದವನ ಸರಳತೆಯಲ್ಲ, ಕೌಶಲವನ್ನು ಅಡಗಿಸಿದವನ ಸಂಯಮ. ಗ್ರಾಮ್ಯವೆಂಬ ಮೊದಲನೆಯ ಆಕ್ಷೇಪಕ್ಕೂ ಇದೇ ಸಮಾಧಾನ.

ಭಾಷಾಮಿಶ್ರಣದ ವಿಷಯ. ನಮ್ಮ ಕವಿರಾಜಮಾರ್ಗಕಾರನು ಕನ್ನಡ ಸಂಸ್ಕೃತಗಳನ್ನು ವಿವೇಕವಿಲ್ಲದೆ ಸಮಾಸಮಾಡುವುದನ್ನು, ಕುದಿಯುವ ಹಾಲಿಗೆ ಮಜ್ಜಿಗೆ ಬೆರಸುವುದಕ್ಕೆ ಹೋಲಿಸಿ ನಿಷೇಧಿಸಿರುವನು. ಆದರೆ ನಿಷಿದ್ಧವಾದುದು ಅಸಂಗತವಾದ ಬೆರಕೆ, ನೆರೆಹೊರೆಯಲ್ಲ. ‘ಬ್ಯಾಂಗ್ ಬ್ಯಾಂಗ್’ ಕೃತಿಯಲ್ಲಿ ಎರಡು ಭಾಷೆಗಳೂ ತಮ್ಮ ತಮ್ಮ ರೂಪದಲ್ಲಿಯೇ ಸರದಿಯಂತೆ ಬರುತ್ತವೆ. ಕೂಗುಗಳ ನಡುವೆ ಕರಿಯರ ಮನೆಯ ಮೆಕ್ಕೆಜೋಳದ ರೊಟ್ಟಿಯಿಂದ ಮೊದಲಾಗಿ ಪೋರ್ಟೊರಿಕೊ ಜನರ ಕರಿದ ತಿನಿಸಿನವರೆಗೆ ಭಕ್ಷ್ಯಗಳ ಹೆಸರುಗಳೂ ಬರುತ್ತವೆ. ಅಕ್ಕಪಕ್ಕದ ಕೇರಿಗಳಲ್ಲಿ ವಾಸಿಸುತ್ತಿದ್ದ ಎರಡು ಜನಾಂಗಗಳಿಗೆ ಒಂದೇ ಪಂಕ್ತಿಯಲ್ಲಿ ಎಲೆ ಹಾಕಿದಂತಾಯಿತು. ಪಂಕ್ತಿಭೇದವೆಂದರೇನೆಂಬುದನ್ನು ಅರಿತ ನಮ್ಮಂಥವರಿಗೆ ಇದರ ಬೆಲೆಯನ್ನು ವಿವರಿಸಬೇಕಾಗಿಲ್ಲ.

ದೋಷಗಳಿಲ್ಲವೆಂದಲ್ಲ. ‘ಪುಷ್ ಪುಷ್ ಪುಷ್’ ಎಂಬ ಕೃತಿಯಲ್ಲಿ ಅದೇ ಉಪಾಯವು ಪುನಃ ಪ್ರಯುಕ್ತವಾಗಿದೆ. ಮೊದಲನೆಯದರಲ್ಲಿ ಅಕಸ್ಮಾತ್ತಾಗಿ ತೋರಿದುದು ಇಲ್ಲಿ ಅಭ್ಯಾಸವಾಗಿ ತೋರುತ್ತದೆ. ಇದಕ್ಕೆ ಪ್ರತಿಯಾಗಿ ಸ್ಪ್ಯಾನಿಷ್ ಭಾಷೆಯ ‘ಮುಹೇರ್ ದಿವೀನ’ದಲ್ಲಿ ಗಾಯಕನ ಕಂಠಕ್ಕೇ ಪ್ರಾಧಾನ್ಯವಿದ್ದು, ಈ ಮೇಳಕ್ಕೆ ಹಳೆಯ ಮಾರ್ಗವು ತಿಳಿಯದೆ ಇರಲಿಲ್ಲವೆಂಬುದಕ್ಕೆ ಅದು ಸಾಕ್ಷಿಯಾಗಿದೆ. ತಿಳಿದವನು ಬಿಟ್ಟುದಕ್ಕೂ ತಿಳಿಯದವನು ಬಿಟ್ಟುದಕ್ಕೂ ಅಂತರವಿದೆಯಷ್ಟೆ.

ಹಿರಿಯ ವಾದ್ಯಗಾರರಲ್ಲಿ ಕೆಲವರು ಬೂಗಲೂವನ್ನು ಬಾಲಿಶವೆಂದು ತಿರಸ್ಕರಿಸಿದರು. ತಿರಸ್ಕರಿಸುತ್ತಲೇ ತಾವೂ ಅದನ್ನು ನುಡಿಸಿದವರುಂಟು. 1960ರ ದಶಕವು ಮುಗಿಯುವಷ್ಟರಲ್ಲಿ ಅದರ ಪ್ರಾಬಲ್ಯವು ಕುಗ್ಗಿತು; 1970ರ ದಶಕದಲ್ಲಿ ಸಾಲ್ಸಾ ಎಂಬ ಹೆಸರಿನಿಂದ ಕಹಳೆಗಳು ಮರಳಿ ಬಂದವು. ಸಾಲ್ಸಾದ ಪ್ರೌಢಿಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕುಳಿತೇ ಇದ್ದ ಒಂದು ಸಭೆಯನ್ನು ಕಂಡು, ‘ಇವರಿಗೆ ಸಂಸ್ಕಾರವಿಲ್ಲ’ ಎನ್ನದೆ, ‘ನಮ್ಮಲ್ಲಿ ಏನೋ ಕೊರತೆಯಿದೆ’ ಎಂದು ಯೋಚಿಸಿದ ಮೇಳವೊಂದಿತ್ತು. ವಿದ್ವಾಂಸರಾದ ನಮಗೆ ಅದು ಸುಲಭವಾಗಿ ಸಾಧ್ಯವಾಗುವುದಲ್ಲ. ಸಿದ್ಧಿಪ್ರಕರಣವನ್ನು ಈಗ ಪಾಠ ಹೇಳುವಾಗ ನಾನು ಮಾನುಷೀ ಸಿದ್ಧಿಯ ಭಾಗವನ್ನು ಹಿಂದಿನಂತೆ ಅವಸರದಿಂದ ಮುಗಿಸುವುದಿಲ್ಲ.