ಮರದ ಮಾತಾಡುವ ಕಲ್ಲು

ಭಟ್ಕಳವನ್ನು ಬಸ್ಸಿನ ಕಿಟಕಿಯಿಂದ ಕಂಡವರೇ ಹೆಚ್ಚು. ನಾನು ಇಳಿದು, ಒಬ್ಬಳೇ ಮೂಡಭಟ್ಕಳದತ್ತ ನಡೆದೆ. ಅಲ್ಲಿದೆ ಕೇತಪೈ ನಾರಾಯಣ ದೇವಸ್ಥಾನ. ವಿಜಯನಗರದ ಕಾಲದ್ದು, 16ನೇ ಶತಮಾನದ್ದು. ದೂರದಿಂದ ಕರಾವಳಿಯ ಹಳೇ ಮನೆಯೇ ಅನ್ನಬೇಕು. ಆದರೆ ಇಳಿಜಾರು ಮಾಡಿಗೆ ಹೆಂಚಿಲ್ಲ, ಕಲ್ಲುಚಪ್ಪಡಿ. ಗೋಡೆಗೆ ಓರೆಯಾಗಿ ಜೋಡಿಸಿದ ಪಟ್ಟಿಗಳೂ ಕಲ್ಲೇ! ಆಷಾಢದ ಎರಚಲನ್ನು ಹೊರಗೇ ತಡೆದು, ಗಾಳಿಬೆಳಕಿಗಷ್ಟೇ ದಾರಿ ಬಿಡುತ್ತವೆ. ಬಡಗಿಯ ಜಾಣ್ಮೆ ಕಲ್ಲುಕುಟಿಗನ ಉಳಿಗೆ ದಾಟಿಕೊಂಡದ್ದು ಹೀಗೆ. ಹೊರಗೋಡೆಯಲ್ಲಿ ಪುಟ್ಟಪುಟ್ಟ ಕೆತ್ತನೆಗಳಾಗಿ ರಾಮಾಯಣ. ನಿಂತಲ್ಲೇ ನಿಂತರೆ ಕಥೆ ಮುಂದುವರಿಯದು. ಹೆಜ್ಜೆಹೆಜ್ಜೆಗೂ ಸರಿಯುತ್ತ ಓದಬೇಕು. ಜೊತೆಗಾರರ ಅವಸರವಿಲ್ಲದೆ ಎರಡು ಸುತ್ತು ಬಂದೆ. ಕಾಲ್ನಡಿಗೆಯವರಿಗೆಂದೇ ಕೆತ್ತಿಟ್ಟ ಪುಸ್ತಕವಿದು. ವಾಪಸು ಬರುವಾಗ ಒಂದು ಮೊಳ ಭಟ್ಕಳ ಮಲ್ಲಿಗೆ ಮುಡಿದೆ, ಕಾಲುನೋವು ಮರೆತೇಹೋಯಿತು.